ಹಂದಿಮರಿಯ ಒದ್ದೆ ಪಾದ

ಮಕ್ಕಳೇ ನಾಯಕರಾಗಿರುವ ದೆವ್ವದ ಕಾದಂಬರಿಗಳೆಂದರೆ ನನಗೆ ಪ್ರಾಣ. ಆದರೆ ಮಗು ಹೆದರಿ ಕೂಗಿದರೂ ಕಿವಿಗೊಡದ ದೊಡ್ಡವರನ್ನು ಓದುವಾಗಲೆಲ್ಲ ಬಾಯಿತುಂಬ ಬೈಯುತ್ತಿದ್ದೆ.

ದೆವ್ವಗಳ ಕಣ್ಣು ಬೀಳದಿರಲೆಂದು ನಮ್ಮ ಥಾಯ್ ಹಳ್ಳಿಯಲ್ಲಿ ಯಾರೂ ಮಕ್ಕಳನ್ನು ಚೆಂದ ಅನ್ನುವುದಿಲ್ಲ. ತಂಗಿ ವನಿದಾಳ ಮಗಳನ್ನು ನಾವೆಲ್ಲ ಕರೆಯುವುದೂ ಹಂದಿಮರಿ ಅಂತಲೇ.

ಹೋದ ತಿಂಗಳು ಒಂದು ಮಧ್ಯಾಹ್ನ ನಾನು ಅಂಥದ್ದೇ ಪುಸ್ತಕದಲ್ಲಿ ಮುಳುಗಿದ್ದಾಗ ಅವಳು ಬಂದಳು.

"ದೊಡ್ಡಮ್ಮಾ, ಕಾಲುವೆಯಿಂದ ಯಾರೋ ನನ್ನ 'ಸುಂದರೀ' ಅಂತ ಕರೀತಿದ್ದಾರೆ."

"ಹಾಗಾದ್ರೆ ಓ ಅನ್ನು, ಹೋಗು. ನನ್ನ ಓದೋಕೆ ಬಿಡು," ಅಂದೆ, ತಲೆ ಎತ್ತದೆ.

ಅಧ್ಯಾಯ ಮುಗಿದಾಗ ಅವಳು ಪಕ್ಕದಲ್ಲೇ ಕೂತಿದ್ದಳು. ಬಟ್ಟೆ ಒಣಗಿಯೇ ಇತ್ತು, ಪಾದ ಮಾತ್ರ ಒದ್ದೆ, ಮುಟ್ಟಿದರೆ ಮಂಜುಗಡ್ಡೆ.

ಆ ಪಾದ ಇನ್ನೂ ಒಣಗಿಲ್ಲ. ಹಂದಿಮರೀ ಎಂದು ವನಿದಾ ಎಷ್ಟು ಕೂಗಿದರೂ ಮಗು ತಿರುಗುವುದಿಲ್ಲ.

ನಾಚಿಕೆ ಬಿಟ್ಟು ಹೇಳುತ್ತೇನೆ: ವನಿದಾ ಮನೆಯಲ್ಲಿಲ್ಲದಾಗ ನಾನೇ ಮೆಲ್ಲಗೆ 'ಸುಂದರೀ' ಅನ್ನುತ್ತೇನೆ. ಓಡಿ ಬರುತ್ತಾಳೆ.