ಹಳೆಯ ರಾಜ್ಯದಲ್ಲಿ ಹರಿಯದ ನದಿ

"ದುಡ್ಡು ದಂಡ! ನನ್ನ ಮಾತು ಕೇಳಿ, ಈ ಎಕ್ಸ್‌ಟ್ರಾ ಪ್ಯಾಕ್ ಯಾರೂ ತಗೋಬೇಡಿ!"

ಅತ್ತಿಗೆಯ ಗೇಮಿಂಗ್ ಸೆಂಟರಿನ ಬಾಗಿಲು ತಳ್ಳಿ ಒಳಗೆ ಕಾಲಿಟ್ಟವಳ ಕಿವಿಗೆ ಬಿದ್ದ ಮೊದಲ ಮಾತೇ ಅದು. ಅವಳು ಅಲ್ಲೇ ನಿಂತುಬಿಟ್ಟಳು.

ಈ ದನಿ... ಇದನ್ನು ಅವಳು ನಿದ್ದೆಗಣ್ಣಲ್ಲೂ ಗುರುತಿಸಬಲ್ಲಳು!

ಮೂಲೆಯ ಕಂಪ್ಯೂಟರಿನ ಮುಂದೆ ಕೂತು ಕ್ಯಾಮೆರಾದತ್ತ ಮಾತಾಡುತ್ತಿದ್ದವನು 'ತಕ್ಕಡಿ'. ಯಾವ ಗೇಮ್ ಕೊಳ್ಳಬಹುದು, ಯಾವುದು ಬೇಡ ಎಂದು ಮುಲಾಜಿಲ್ಲದೆ ತೂಗಿ ಹೇಳುತ್ತಾನೆಂದು ಅವನ ವಿಡಿಯೋ ನೋಡುವವರೇ ಇಟ್ಟ ಹೆಸರು.

ಅವಳು ರಾಜ್ಯ ಕಟ್ಟುವ ಸ್ಟ್ರಾಟಜಿ ಗೇಮ್ ಒಂದಕ್ಕೆ ನಕ್ಷೆ ಬರೆಯುವವಳು. ಆ ಗೇಮ್ ಮೊದಲು ಬಂದಾಗ ಇದೇ ತಕ್ಕಡಿ, "ಈ ಕಣಿವೆ ಬರೆದ ಕೈಗೊಂದು ನಮಸ್ಕಾರ" ಎಂದಿದ್ದ. ಆ ಕೈ ಅವಳದು! ಆ ವಿಡಿಯೋವನ್ನು ಅವಳು ಎಷ್ಟು ಸಲ ನೋಡಿದ್ದಳೆಂದರೆ, ಅತ್ತಿಗೆಗೂ ಬಾಯಿಪಾಠವಾಗಿತ್ತು.

ಅಂಥವನು ಈಗ, ಅದೇ ಗೇಮಿಗೆ ಬೇರೆ ದುಡ್ಡು ಕೊಟ್ಟು ಸೇರಿಸಿಕೊಳ್ಳಬೇಕಾದ ಅವಳ ಹೊಸ ಪ್ಯಾಕನ್ನು ಹಿಗ್ಗಾಮುಗ್ಗಾ ಜಾಡಿಸುತ್ತಿದ್ದ.

"ಹೆಸರಿಗೆ ನದಿ ಪ್ಯಾಕು. ಬೆಳಿಗ್ಗೆಯಿಂದ ಹುಡುಕ್ತಿದೀನಿ, ಒಂದು ಹನಿ ನೀರಿಲ್ಲ!"

"ರೀ ಸ್ವಾಮಿ! ಆ ನದಿ ಬರೆದೋಳು ನಾನು!"

ಅವನು ತಟ್ಟನೆ ತಿರುಗಿದ. ಕ್ಯಾಮೆರಾ ನಿಲ್ಲಿಸಿದ.

"ಹಾಗಾದ್ರೆ ತೋರಿಸಿ," ಅವನು ಕುರ್ಚಿ ಸರಿಸಿ ಜಾಗ ಬಿಟ್ಟ. "ಎಲ್ಲಿದೆ ನಿಮ್ಮ ನದಿ?"

ಪರದೆಯ ಮೇಲೆ ಕಣ್ಣಾಡಿಸಿದ್ದೇ ತಡ, ಅವಳಿಗೆ ಅರ್ಥವಾಯಿತು. ಅವನು ತೆರೆದಿದ್ದು ವರ್ಷಗಟ್ಟಲೆ ಆಡಿ ಸೇವ್ ಮಾಡಿಟ್ಟ ಹಳೆಯ ರಾಜ್ಯ. ಹೊಸ ಪ್ಯಾಕಿನ ನದಿ ಹಳೆಯ ಆಟದೊಳಗೆ ಬರುವುದಿಲ್ಲ. ಮೊದಲಿಂದ ಹೊಸ ಆಟ ಶುರುಮಾಡಿದರೆ ಮಾತ್ರ...

ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ನಕ್ಕುಬಿಟ್ಟ.

"ಕಾಣದ ನದಿಗೆ ಜನ ಯಾಕ್ ಮೇಡಂ ದುಡ್ಡು ಕೊಡ್ಬೇಕು?"

"ಕಣ್ಣಿದ್ದೋರಿಗೆ ಕಾಣುತ್ತೆ!" ಎಂದವಳೇ ದುರುದುರು ಹೊರನಡೆದಳು.

ಅವನ ವಿಡಿಯೋ ಎಲ್ಲೆಡೆ ಹರಡಿತು. ನದಿ ಪ್ಯಾಕನ್ನು ಕೇಳುವವರೇ ಇಲ್ಲದಂತಾಯಿತು. ಕಂಪನಿಯ ಯಜಮಾನರು ಅವಳನ್ನು ಕರೆದು, "ನದಿ ಓಡದೇ ಇದ್ರೆ ಸಮುದ್ರದ ಆಸೆ ಬಿಡಮ್ಮ" ಎಂದರು. ಮುಂದಿನ ಪ್ಯಾಕಿಗೆ ಸಮುದ್ರ ಬರೆಯುವುದು ಅವಳ ಬಹುದಿನಗಳ ಕನಸು!

"ಅವನಿಗೆ ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲೇ," ಕಾಫಿ ಕಪ್ಪು ಮುಂದಿಡುತ್ತಾ ಅತ್ತಿಗೆ ಗೊಣಗಿದರು.

"ಹೋಗಿ ಅಂಗಲಾಚ್ಲಾ ಅತ್ತಿಗೆ? ನನ್ನ ಕೆಲಸದ ಮೇಲೆ ನನಗೆ ನಂಬಿಕೆ ಇದೆ."

"ನಂಬಿಕೆ ಇರ್ಲಿ, ಬೇಡ ಅಂದೋರ್ಯಾರು? ಅಲ್ವೇ, ಹೊಸ ಆಟ ಶುರುಮಾಡ್ಬೇಕು ಅಂತ ಅದರಲ್ಲಿ ಎಲ್ಲೂ ಬರೆದಿಲ್ವಾ?"

ಅವಳ ಕೈಯಲ್ಲಿದ್ದ ಕಪ್ಪು ಅಲ್ಲೇ ನಿಂತಿತು.

ಬರೆದಿತ್ತು... ಮೊದಲ ಪರದೆಯಲ್ಲೇ ಒಂದು ಸಾಲಿತ್ತು. 'ನನ್ನ ಚಿತ್ರದ ಮೇಲೆ ಅಕ್ಷರ ಬೇಡ' ಎಂದು ಜಗಳವಾಡಿ ತೆಗೆಸಿದ್ದವಳು ಅವಳೇ!

'ದಾರಿ ಮುಚ್ಚಿದವಳು ನಾನು. ದಾರಿ ಕಾಣದವನಿಗೆ ಕಣ್ಣಿಲ್ಲ ಅಂದುಬಿಟ್ಟೆನಲ್ಲ...' ಅವಳ ಮುಖ ಬಿಸಿಯಾಯಿತು.

ಮರುದಿನ ಆಫೀಸಿಗೆ ಹೋದವಳೇ ಮೊದಲು ಆ ಸಾಲನ್ನು ವಾಪಸ್ ಹಾಕಿಸಿದಳು. ಆಮೇಲೆ ನೇರವಾಗಿ ಅತ್ತಿಗೆಯ ಸೆಂಟರಿಗೆ ಬಂದಳು.

ಅವನು ಅದೇ ಮೂಲೆಯಲ್ಲಿದ್ದ. ಆದರೆ ಪರದೆಯ ಮೇಲೆ... ನದಿ! ಅವಳು ಬರೆದ ತಿರುವು, ಅವಳು ಬರೆದ ಮರಳು ದಂಡೆ, ನಡುವೆ ಸಾಗುತ್ತಿರುವ ಒಂದು ದೋಣಿ.

"ನಾನು..." ಇಬ್ಬರೂ ಒಟ್ಟಿಗೇ ಶುರುಮಾಡಿ ಒಟ್ಟಿಗೇ ನಿಂತರು.

"ಮೊದಲು ನಾನ್ ಹೇಳ್ತೀನಿ," ಅವನೆಂದ. "ಕಣ್ಣಿದ್ದೋರಿಗೆ ಕಾಣುತ್ತೆ ಅಂದ್ರಲ್ಲ, ಅದು ಚುಚ್ತಾನೇ ಇತ್ತು. ಗೆದ್ದ ರಾಜ್ಯ ಬಿಟ್ಟು ಸೊನ್ನೆಯಿಂದ ಶುರುಮಾಡೋಕೆ ನನ್ನ ಜಂಬ ಬಿಟ್ಟಿರ್ಲಿಲ್ಲ. ನೆನ್ನೆ ಜಂಬ ಬಿಟ್ಟು ಹೊಸ ಆಟ ಶುರುಮಾಡಿದೆ, ನದಿ ಸಿಕ್ತು. ತಪ್ಪು ನಂದು."

"ಪೂರ್ತಿ ನಿಮ್ಮದಲ್ಲ. ಅದನ್ನ ತಿಳಿಸೋ ಸಾಲನ್ನ ತೆಗೆಸಿದ್ದೇ ನಾನು... ಚಿತ್ರ ಹಾಳಾಗುತ್ತೆ ಅಂತ."

ಅವನು ಹುಬ್ಬೇರಿಸಿದ. ಆಮೇಲೆ ಹೊಟ್ಟೆ ಹುಣ್ಣಾಗುವಂತೆ ನಕ್ಕ. ಈ ಸಲ ಅವಳಿಗೂ ನಗು ತಡೆಯಲಾಗಲಿಲ್ಲ.

"ಬೆಳಿಗ್ಗೆನೇ ಹೊಸ ವಿಡಿಯೋ ಹಾಕಿದೀನಿ. ನೋಡಿ," ಎಂದು ಮೊಬೈಲ್ ಕೊಟ್ಟ.

"ಹೋದ ಸಲ ನಾನು ತಪ್ಪು ತೂಗಿದೆ," ವಿಡಿಯೋದಲ್ಲಿ ಅವನು ಹೇಳುತ್ತಿದ್ದ. "ಹಳೇ ರಾಜ್ಯ ಬಿಡೋಕಾಗದೇ ಇರೋರು ಈ ಪ್ಯಾಕ್ ತಗೋಬೇಡಿ. ಮೊದಲಿಂದ ಆಡೋ ಮನಸ್ಸಿದ್ರೆ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ನದಿ ಬಂದ್ಮೇಲೆ ಯುದ್ಧ ಮಾಡೋ ರೀತಿನೇ ಬದಲಾಗುತ್ತೆ. ಆದ್ರೆ ದೋಣಿ ಮಾತ್ರ ತುಂಬಾ ನಿಧಾನ!"

ಅವಳ ಎದೆ ಉಬ್ಬಿತು. ಅವನು ಓಲೈಸಲಿಲ್ಲ, ಕುಂದನ್ನೂ ಮುಚ್ಚಿಡಲಿಲ್ಲ. ಇಂಥವನ ಬಾಯಿಂದ ಬಂದ ಹೊಗಳಿಕೆ ತಾನೇ ನಿಜವಾದ ಹೊಗಳಿಕೆ!

ಅಷ್ಟರಲ್ಲಿ ಅವಳ ಫೋನ್ ಗುಂಯ್ಗುಟ್ಟಿತು. ಯಜಮಾನರ ಸಂದೇಶ: 'ಬೆಳಿಗ್ಗೆಯಿಂದ ನದಿಗೆ ಸಿಕ್ಕಾಪಟ್ಟೆ ಬೇಡಿಕೆ. ಸಮುದ್ರದ ಕೆಲಸ ಶುರುಮಾಡಮ್ಮ.'

ಕಣ್ಣು ತುಂಬಿ ಬಂದರೂ ಅವಳು ತಲೆ ಎತ್ತಿಯೇ ನಿಂತಳು.

"ಇನ್ನೊಂದು ಮಾತು..." ಅವನ ದನಿ ತಗ್ಗಿತು. "ಆ ಕಣಿವೆಗೆ ನಮಸ್ಕಾರ ಹೇಳಿದ್ನಲ್ಲ? ಅದು ಯಾರ ಕೈ ಅಂತ ಅವತ್ತಿಂದ ಕೇಳ್ತಾನೇ ಇದ್ದೆ. ನೀವು ಬರೋಕೆ ಸ್ವಲ್ಪ ಮುಂಚೆ ನಿಮ್ಮ ಅತ್ತಿಗೆ ಹೇಳಿದ್ರು."

ಅವಳು ಕೌಂಟರಿನತ್ತ ತಿರುಗಿ ಕಣ್ಣು ಬಿಟ್ಟಳು. ಅತ್ತಿಗೆ ಒರೆಸಿದ ಕಪ್ಪನ್ನೇ ಮತ್ತೆ ಒರೆಸತೊಡಗಿದರು.

"ಆ ಕೈ ನಂಗೆ ಬೇಕು ಕಣ್ರೀ... ಬರೀ ನಕ್ಷೆ ಬರೆಯೋಕಲ್ಲ."

ಅವಳು ಪಕ್ಕದ ಕುರ್ಚಿ ಎಳೆದು ಕೂತಳು. ಮೌಸ್ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈಯಿಟ್ಟಳು.

"ದೋಣಿ ನಿಧಾನ ಅಂದ್ರಲ್ಲ, ಅದನ್ನ ಮಾತ್ರ ಬದಲಾಯಿಸಲ್ಲ ನಾನು."

"ಬೇಡವೇ ಬೇಡ," ಅವನು ಮೆಲ್ಲಗೆ ನಕ್ಕ. "ನೀವು ಪಕ್ಕದಲ್ಲಿದ್ರೆ ಆಚೆ ದಡ ಸೇರೋಕೆ ಯಾರಿಗಿದೆ ಅವಸರ?"