ಮೂರನೇ ಹಲಗೆಯ ಷೂ

ಬೆಳಿಗ್ಗೆ ಎಂಟಕ್ಕೆ 'ಮೂರು ನವಿಲು' ಹೋಟೆಲಿನ, ಕಾಲುವೆಯ ಕಡೆಗಿನ ನೀರುಬಾಗಿಲ ಮೆಟ್ಟಿಲಲ್ಲಿ ಬೆರ್ತಾಗ್ನಿಯ ಹೆಣ ಸಿಕ್ಕಿತು. ಒಂದು ಕಾಲಿನಲ್ಲಿ ರಬ್ಬರ್ ಬೂಟು—ಊರೊಳಗೆ ನೀರೇರಿದ ದಿನ ಹೋಟೆಲಿನವರು ಅತಿಥಿಗಳಿಗೆ ಕೊಡುವಂಥದ್ದು. ಇನ್ನೊಂದರಲ್ಲಿ ಬರೀ ಕಾಲುಚೀಲ. ತಲೆಯ ಹಿಂದೆ ಕಲ್ಲಿನ ಪೆಟ್ಟು.

ವೆನಿಸ್ಸಿನಲ್ಲಿ ಅವನಿಗಾಗಿ ಅಳುವವರು ಒಬ್ಬರೂ ಇರಲಿಲ್ಲ. ಮಿಲಾನಿನಿಂದ ಬಂದು ದೊಡ್ಡ ಕೋಣೆ ಹಿಡಿದು ತಿಂಗಳಾಗಿತ್ತು. ಆ ಚಳಿಯಲ್ಲಿ ಅವನ ಕಡೆಯವರು ಬಿಟ್ಟರೆ ಬೇರೆ ಅತಿಥಿಗಳಿರಲಿಲ್ಲ. ಬೆಳಗಿನ ಜಾವ ಹೋಟೆಲಿನಲ್ಲಿದ್ದವರು ಇನ್ನು ಮೂವರೇ: ಅವನ ಜೊತೆಗೇ ಬಂದಿದ್ದ ಕಾರ್ಯದರ್ಶಿ ಕ್ರಿಪ್ಪಾ, ಈ ಊರಲ್ಲೇ ಹುಟ್ಟಿ ಮೂವತ್ತನಾಲ್ಕು ವರ್ಷದಿಂದ ಬಾಗಿಲು ಕಾಯುವ ಅಲ್ವಿಸೆ, ಸರಾಯೆವೊದಿಂದ ಬಂದು ಹದಿನೈದು ದಿನವಾದ ಕೆಲಸದಾಕೆ ಸೆನಾದಾ.

ಸೆನಾದಾಳ ಕೈಗೆ ಆಗಲೇ ಕೋಳ ಬಿದ್ದಿತ್ತು. ಹಿಂದಿನ ಸಂಜೆ ಬೆರ್ತಾಗ್ನಿ ಅವಳ ಮುಂಗೈ ಮೇಲೆ ಬಿಸಿ ಸೂಪು ಸುರಿದು, ಎಷ್ಟು ಹೊತ್ತು ಸಹಿಸುತ್ತಾಳೋ ನೋಡೋಣ ಎಂದು ನಕ್ಕಿದ್ದ. "ನೀನು ಸಾಯಬೇಕು" ಎಂದು ಅವಳು ಕಿರುಚಿದ್ದು ಕ್ರಿಪ್ಪಾನ ಕಿವಿಗೂ ಬಿದ್ದಿತ್ತು. ಪೊಲೀಸರಿಗೆ ಅಷ್ಟೇ ಸಾಕಾಗಿತ್ತು.

ಇನ್ಸ್‌ಪೆಕ್ಟರ್ ನಿವೆಸ್ ಅವಳನ್ನು ಕೇಳಿದಳು, "ಆರು ಗಂಟೆಗೆ, ಅವನು ಸತ್ತ ಹೊತ್ತಿಗೆ, ಎಲ್ಲಿದ್ದೆ?"

"ಮಂಚದ ಕೆಳಗೆ, ಮೇಡಂ. ಸೈರನ್ ಹೊಡೀತಲ್ಲ—ಬಾಂಬ್ ಬೀಳುತ್ತೆ ಅಂದ್ಕೊಂಡೆ. ಚಿಕ್ಕವಳಿದ್ದಾಗ, ಯುದ್ಧದ ಟೈಮಲ್ಲಿ, ನಮ್ಮೂರಲ್ಲಿ ಹಾಗೇ ಹೊಡೀತಿತ್ತು."

ಕ್ರಿಪ್ಪಾ ನಕ್ಕ. "ಕಥೆ ಚೆನ್ನಾಗಿ ಕಟ್ತಾಳೆ. ನಾನೂ ಬೆಂಕಿ ಬಿತ್ತು ಅಂದ್ಕೊಂಡು ತಾರಸಿಗೆ ಓಡಿದ್ದೆ. ಸೂಟ್‌ಕೇಸ್ ಸಮೇತ."

"ನೀವು, ಅಲ್ವಿಸೆ ಮಾಮ?"

"ಮುಂಬಾಗಿಲಲ್ಲಿ ನಡೆಯೋಕೆ ಹಲಗೆ ಹಾಕ್ತಿದ್ದೆ, ತಾಯಿ. ಈ ಕಡೆ ಬರಲೇ ಇಲ್ಲ."

"ಅಜ್ಜಾ, ನಾನಲ್ಲ ಅಂತ ಹೇಳಿ," ಎಂದಳು ಸೆನಾದಾ. ದಿನವೂ ತನ್ನ ರೊಟ್ಟಿಯಲ್ಲಿ ಅವಳಿಗೆ ಅರ್ಧ ಕೊಡುತ್ತಿದ್ದವನು ಅವನೇ.

ಅಲ್ವಿಸೆ ನೆಲ ನೋಡಿದ. "ಸಿಟ್ಟಲ್ಲಿ ಮಾಡಿಬಿಟ್ಟಿದ್ದಾಳೆ. ಪಾಪ."

ನಿವೆಸ್ ನೀರುಬಾಗಿಲ ಪಕ್ಕದ ಗೋಡೆಯತ್ತ ತಿರುಗಿದಳು. ಸಾಮಾನಿಡುವ ಮೂರು ಕಲ್ಲುಹಲಗೆ. ಕೆಳಗಿನ ಎರಡು, ನೀರೇರಿ ಇಳಿದು ಒದ್ದೆ. ಮೂರನೆಯದರ ಮೇಲೆ ಬೆರ್ತಾಗ್ನಿಯ ಚರ್ಮದ ಷೂ, ಒಂದಿಷ್ಟೂ ನೆನೆದಿರಲಿಲ್ಲ.

"ಇದನ್ನ ಮೇಲಿಟ್ಟಿದ್ದು ಯಾರು?"

ನಿವೆಸ್ ಒಂದು ಷೂ ಕೈಗೆತ್ತಿಕೊಂಡಳು.

"ಬೆರ್ತಾಗ್ನಿ ತನ್ನ ಷೂ ತಾನೇ ಎತ್ತಿಡೋ ಆಸಾಮಿಯಲ್ಲ. ಅದು ಸಮುದ್ರ ಉಕ್ಕಿ ಊರೊಳಗೆ ನೀರೇರುತ್ತೆ ಅಂತ ಎಚ್ಚರಿಸೋ ಸೈರನ್. ಕೊನೇಲಿ ಮೂರು ಸಲ ಕೂಗಿತು. ಮೂರು ಕೂಗಿದ್ರೆ ಎರಡನೇ ಹಲಗೆ ಮುಳುಗುತ್ತೆ ಅಂತ ಇಲ್ಲೇ ಹುಟ್ಟಿ ಬೆಳೆದವರಿಗೆ ಗೊತ್ತು. ಒಬ್ಬಳು ಬಾಂಬ್ ಅಂದ್ಕೊಂಡ್ಲು. ಒಬ್ಬ ಬೆಂಕಿ ಅಂದ್ಕೊಂಡ. ಷೂ ನೆನೆಯುತ್ತೆ ಅಂದ್ಕೊಂಡವರು ಯಾರು, ಮಾಮ?"

ಅಲ್ವಿಸೆ ತನ್ನ ಕೈಗಳನ್ನೇ ನೋಡಿಕೊಂಡ. ಹುಟ್ಟುಗುಣ ಸುಟ್ಟರೂ ಹೋಗದು.

"ಷೂ ಕಳಚಿದ ಕೂಡಲೇ ಕೈ ತಾನಾಗೇ ಎತ್ತಿಡ್ತು," ಎಂದ. "ರಬ್ಬರ್ ಬೂಟು ಹಾಕಿಸ್ತಿದ್ದೆ. ಅದರ ತುದಿಯಿಂದ ನನ್ನ ಗದ್ದ ಎತ್ತಿ 'ಬೊಗಳು' ಅಂದ. ತಿಂಗಳಿಂದ ದಿನಾ ಬೊಗಳ್ತಿದ್ದೆ. ಇವತ್ತೂ ಬೊಗಳ್ದೆ. ಆಮೇಲೆ ಕಾಲು ಹಿಡಿದು ಎಳೆದೆ. ತಲೆ ಮೆಟ್ಟಿಲ ಕಲ್ಲಿಗೆ ಬಡೀತು."

ನಿವೆಸ್ ಸೆನಾದಾಳ ಕೋಳ ಬಿಚ್ಚಿದಳು. ಕೋಳ ಉಜ್ಜಿ ಸುಟ್ಟ ಬೊಬ್ಬೆ ಒಡೆದಿತ್ತು.

"ಸತ್ತವನ ಷೂ ನೆನೆಯದ ಹಾಗೆ ನೋಡ್ಕೊಂಡ್ರಿ, ಮಾಮ. ಈ ಹುಡುಗೀನ ಯಾಕೆ ಮುಳುಗೋಕೆ ಬಿಟ್ರಿ?"

ಆ ಪ್ರಶ್ನೆ ಅಲ್ವಿಸೆಗೆ ಅರ್ಥವೇ ಆಗಲಿಲ್ಲ.

"ಅವಳು ಹೊರಗಿನವಳಲ್ವಾ, ತಾಯಿ," ಎಂದ.