ಅರಳೆ ಮಿಲ್ಲಿನ ಫ್ಲಾಪಿ

ಬಡಿಗೆ ನನ್ನ ಕಿವಿ ಸವರಿಕೊಂಡೇ ಹೋಯಿತು!

ಗುರಿ ನೌಕರಿ ಕೇಳಿ ಬಂದಿದ್ದ ನಾನಲ್ಲ. ನನ್ನ ಬೆನ್ನ ಹಿಂದೆ ಅಡಗಿದ್ದ ವಾಚ್‌ಮನ್ ಹುಲಿಗೆಪ್ಪ.

“ಬಾಜು ಸರೀರಿ, ಗೌರಕ್ಕಾರ! ಈ ಮಗಾ ಕಂಪ್ಯೂಟರ್ ಮುಟ್ಟಿ ಕೆಡಿಸ್ಯಾನ!” ಅಣ್ಣಿಗೇರಿಯ ಅರಳೆ ಮಿಲ್ಲಿನ ಮಾಲೀಕ ಕುಬೇರಪ್ಪ ಬುಸುಗುಟ್ಟಿದ.

“ನಾ ಕಂಪ್ಯೂಟರ್ ಖೋಲಿ ಒಳಗ ಕಾಲಽ ಇಟ್ಟಿಲ್ರೀ ಅಕ್ಕಾರ...”

ಬಡಿಗೆ ಮತ್ತೆ ಎದ್ದಿತು. ಹುಲಿಗೆಪ್ಪ ಓಡಿದ. ಅರಳೆ ರಾಶಿ ಹತ್ತಿದ, ಜಾರಿದ, ಬಿದ್ದ. ಹಿಂದೆ ಕುಬೇರಪ್ಪ. ಅವನ ಹಿಂದೆ ನಾನು, ಸೆರಗು ಸೊಂಟಕ್ಕೆ ಸಿಕ್ಕಿಸಿ!

“ನಿಲ್ರಿ! ಯಾರು ಕೆಡಿಸ್ಯಾರ ನಾ ಹುಡುಕ್ತೀನಿ.”

“ಹುಡುಕಿದ್ರ ಪ್ರೋಗ್ರಾಮರ್ ನೌಕರಿ ನಿಮ್ದ. ಇಲ್ಲಂದ್ರ ಇವ ಪೊಲೀಸರ ಕಡೆ, ನೀವು ಮನಿಗೆ!”

ಮನೆ! ಹನ್ನೊಂದು ವರ್ಷ ಅಲ್ಲೇ ಇದ್ದೆ, ಕೇಳಿ. ಮುಂಬಯಿಯಲ್ಲಿ ತೂತು ಕೊರೆಯುವ ಪಂಚ್ ಕಾರ್ಡಿನ ಮೇಲೆ ಪ್ರೋಗ್ರಾಂ ಬರೆದವಳು ಮದುವೆ, ಮಕ್ಕಳು, ರೊಟ್ಟಿ ಅಂತ ಕೂತೆ. ಎಂಬತ್ತೇಳರಲ್ಲಿ ಎದ್ದು ನೋಡಿದರೆ ಕಾರ್ಡು ಮಾಯ, ಎಲ್ಲಾ ಫ್ಲಾಪಿ! ಹುಬ್ಬಳ್ಳಿಯಲ್ಲಿ ಹೋದಲ್ಲೆಲ್ಲ ಒಂದೇ ಪ್ರಶ್ನೆ: “ಇಷ್ಟ ದಿನ ಏನ್ ಮಾಡ್ತಿದ್ರಿ?” ಮೈ ಉರಿಯುತ್ತಿತ್ತು.

ಕಂಪ್ಯೂಟರ್ ಖೋಲಿಗೆ ಹೋಗಿ ಮಷೀನ್ ಆನ್ ಮಾಡಿದೆ. ಕರಕರ ಸದ್ದು... ಎರರ್!

ಫ್ಲಾಪಿ ಹೊರಗೆಳೆದೆ. ಅದರ ಮೇಲೆ ಮೂರು ಬೆರಳಿನ ಬಿಳಿ ಪಟ್ಟೆ. ವಿಭೂತಿ! ಒಳಗಿನ ತಟ್ಟೆ ಕಾಣುವ ಕಿಂಡಿಯ ಮೇಲೇ ಎಳೆದಿದ್ದರು. ತಟ್ಟೆಗೆ ಬೂದಿ ಮೆತ್ತಿದರೆ ಮಷೀನ್ ಓದುವುದಾದರೂ ಹೇಗೆ?

“ಇಲ್ಲಿ ಪೂಜಿ ಯಾರು ಮಾಡ್ತಾರ್ರಿ?”

ಕುಬೇರಪ್ಪನ ಮುಖ ಇಳಿಯಿತು. “ನಮ್ಮವ್ವ... ಸೋಮವಾರಕ್ಕೊಮ್ಮೆ.” ಬಾಗಿಲಲ್ಲಿ ಮೂಟೆ ಹೊರುವ ಹಮಾಲರು ಸೇರಿದ್ದರು. ಆತ ದನಿ ತಗ್ಗಿಸಿದ. “ಮಂದಿ ಮುಂದ ಅವ್ವನ ಹೆಸರು ಬ್ಯಾಡ. ಹುಲಿಗೆಪ್ಪಂದಽ ತಪ್ಪು ಅಂದಬಿಡ್ರಿ. ನಾಳಿಂದ ಕೆಲಸಕ್ಕ ಬರ್ರಿ.”

ನೌಕರಿ ಕೈಗೆ ಬಂದಿತ್ತು. ಹುಲಿಗೆಪ್ಪ ಮೊಣಕೈಯ ರಕ್ತ ಒರೆಸಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದ. ಎಂಥ ಹೊಲಸು ವ್ಯಾಪಾರ!

ಫ್ಲಾಪಿ ಎತ್ತಿ ಹಿಡಿದೆ. “ಹುಲಿಗೆಪ್ಪ ಮುಟ್ಟಿಲ್ಲ! ಇದು ವಿಭೂತಿ. ಪೂಜಿ ಮಾಡಿದವರು ಹಚ್ಚ್ಯಾರ!”

“ನಾನಽ ಹಚ್ಚೀನಿ, ಯವ್ವಾ!” ಹಮಾಲರನ್ನು ಸರಿಸಿ ಕುಬೇರಪ್ಪನ ಅವ್ವ, ಮುದುಕಿ ರೇವವ್ವ ಬಂದಳು. “ತಕ್ಕಡಿಗೆ ಹಚ್ಚತೀನಿ, ಬೀಜ ಬಿಡಿಸೂ ಜಿನ್ನಿಗೆ ಹಚ್ಚತೀನಿ. ಇದೊಂದಽ ಯಾಕ ಬಿಡ್ಲಿ? ಇದೂ ದುಡಿಯೂದಽ ಹೌದಲ್ಲ?”

ಯಾರೋ ಕಿಸಕ್ಕನೆ ನಕ್ಕರು. ಕುಬೇರಪ್ಪನ ಕೈಯಿಂದ ಬಡಿಗೆ ಬಿತ್ತು. ಹುಲಿಗೆಪ್ಪ ಅದನ್ನು ಎತ್ತಿ ದೂರ ಎಸೆದ.

“ನೌಕರಿ ಮರೀರಿ,” ಕುಬೇರಪ್ಪ ಹಲ್ಲು ಕಡಿದ. “ಅದನ್ನ ಒರಸಿ ಕೊಟ್ಟ ಹೋಗ್ರಿ!”

ಫ್ಲಾಪಿ ಮೇಜಿಗೆ ಒಗೆದೆ.

“ಒರಸೂ ಕೆಲಸ ಹನ್ನೊಂದು ವರ್ಷ ಮಾಡೀನ್ರಿ. ನಾ ಬಂದದ್ದು ಬ್ಯಾರೆ ಕೆಲಸಕ್ಕ!”